ಅಲುಗದ ಸೂಜಿ

ಇದನ್ನು ನನಗೆ ಮೊದಲು ಹೇಳಿದವರು ಪಿಯುಸಿಯಲ್ಲಿ ಭೌತಶಾಸ್ತ್ರ ಕಲಿಸಿದ ನಾಗವೇಣಿ ಟೀಚರ್. ಪಾಠ ಅಯಸ್ಕಾಂತದ್ದು. ಪರೀಕ್ಷೆಗೆ ಇದು ಬರಲಿಲ್ಲ.

ಶಿಷ್ಯನೊಬ್ಬ ಗುರುವನ್ನು ಕೇಳಿದ: "ತಮ್ಮನನ್ನು ಮನೆಯಿಂದ ಹೊರಗೆ ಹಾಕಿ ಬಂದೆ ಗುರುಗಳೇ. ಆಗ ನನ್ನ ಮನಸ್ಸು ಒಂದಿಷ್ಟೂ ಅಲುಗಲಿಲ್ಲ. ಹಾಗಾದರೆ ಮಾಡಿದ್ದು ಸರಿ ತಾನೇ?"

ಗುರು ಹೇಳಿದರು:

ಹಾಯಿದೋಣಿ ನಡೆಸುವ ಒಬ್ಬ ತಂಡೇಲನಿದ್ದ. ಅವನ ಬಳಿ ದಿಕ್ಕು ತೋರುವ ಸೂಜಿಯ ಪೆಟ್ಟಿಗೆಯಿತ್ತು. ಅಲೆ ಎದ್ದರೆ ಪೆಟ್ಟಿಗೆ ಕುಲುಕುತ್ತಿತ್ತು, ಸೂಜಿ ನಡುಗುತ್ತಿತ್ತು. ಆ ನಡುಕ ಅವನಿಗೆ ತನ್ನದೇ ಅವಮಾನದಂತೆ ಕಾಣುತ್ತಿತ್ತು. ಒಮ್ಮೆ ತೆಂಕಕ್ಕೆ ಹೊರಡುವಾಗ, ಮಗುವಿಗೆ ಹಾಸಿಗೆ ಹಾಸಿದಂತೆ, ಮರದ ತೊಟ್ಟಿಯಂಥ ಮರಿಗೆಗೆ ಮರಳು ತುಂಬಿ ಪೆಟ್ಟಿಗೆಯನ್ನು ಅದರಲ್ಲಿ ಹುಗಿದ. ತನ್ನೂರ ದಂಡೆಯದೇ ಮರಳು. ಹಿಟ್ಟಿನಷ್ಟು ನುಣುಪು, ಕಪ್ಪು, ಭಾರ. ಸೂಜಿಯ ತುದಿಯಿದ್ದ ಕಡೆ ಎತ್ತರವಾಗಿ ಒತ್ತಿದ. ಆಮೇಲೆ ಸೂಜಿ ನಡುಗಲಿಲ್ಲ.

ದೋಣಿಯಲ್ಲಿ ಅವನ ತಂಗಿಯ ಗಂಡನೂ ಇದ್ದ. ಮೋಡ ಕವಿಯಿತು. ಸೂರ್ಯನೂ ಇಲ್ಲ, ದಡವೂ ಇಲ್ಲ.

"ಭಾವ, ಹೊರಟಾಗ ಗಾಳಿ ಬಲಗೆನ್ನೆಗೆ ಬಡೀತಿತ್ತು. ಈಗ ಬೆನ್ನಿಗೆ ಬಡೀತಿದೆ."

"ಗಾಳಿ ತಿರುಗಿದೆ. ಸೂಜಿ ಅಲುಗಿದೆಯಾ ನೋಡು."

"ಇಲ್ಲ."

"ಮತ್ತೆ? ನಿನ್ನ ಬೆನ್ನು ನಂಬಿ ದೋಣಿ ನಡೆಸಲಾ ಮಾರಾಯ?"

ತಂಗಿಯ ಗಂಡ ನಕ್ಕು ಸುಮ್ಮನಾದ.

ದೋಣಿ ದಡದ ಬಂಡೆಗೆ ಬಡಿದು ಸೀಳಿತು. ಪೆಟ್ಟಿಗೆಯನ್ನು ಅಪ್ಪಿಕೊಂಡು ತಂಡೇಲನೊಬ್ಬನೇ ಈಜಿ ಬಂದ.

ಅವನು ನೇರ ತಂಗಿಯ ಅಂಗಳಕ್ಕೆ ಹೋದ. ಬೇರೊಂದು ಮರಿಗೆಗೆ ಊರ ದಂಡೆಯ ಅದೇ ಮರಳು ತುಂಬಿ, ಹಾಗೆಯೇ ಒತ್ತಿ, ಪೆಟ್ಟಿಗೆ ಇಟ್ಟ. "ಕೊನೆವರೆಗೂ ಸೂಜಿ ಅಲುಗಲಿಲ್ಲ ತಂಗೀ. ನೀನೇ ನೋಡು."

ಅವಳು ನೋಡಲಿಲ್ಲ. ಮರಿಗೆಯನ್ನು ಕಾಲಿನಿಂದ ಆಚೆ ದೂಡಿದಳು. ಮರಿಗೆ ಅರ್ಧ ಸುತ್ತು ತಿರುಗಿತು. ಸೂಜಿಯೂ ಅದರ ಜೊತೆಗೇ ತಿರುಗಿತು.

ತಂಡೇಲ ಕೈಯಿಂದ ಮತ್ತೆ ತಿರುಗಿಸಿದ. ಸೂಜಿ ಮತ್ತೆ ತಿರುಗಿತು. ಆ ಮರಳಿನ ಕಣಕಣದಲ್ಲೂ ಕಬ್ಬಿಣವಿತ್ತು. ಸೂಜಿ ಬಡಗು ದಿಕ್ಕನ್ನು ಬಿಟ್ಟು ತನ್ನ ಹಾಸಿಗೆಯನ್ನು ಹಿಡಿದುಕೊಂಡಿತ್ತು. ದೋಣಿ ಎತ್ತ ಹೊರಳಿದರೂ ಅದರೊಡನೆ ಹೊರಳುತ್ತ, ನೋಡುವವನಿಗೆ ಅಲುಗದಂತೆ ಕಾಣುತ್ತಿತ್ತು. ಒಳಗೆ ತಂಗಿ ಬಳೆ ತೆಗೆದಿಡುತ್ತಿದ್ದಳು. ತಂಡೇಲ ಸಂಜೆಯವರೆಗೂ ಮರಿಗೆ ತಿರುಗಿಸುತ್ತ ಕೂತ.

ಗುರು ಇಷ್ಟು ಹೇಳಿ ಶಿಷ್ಯನ ಕಡೆ ನೋಡಿದರು. "ತಮ್ಮ ಹೊಸ್ತಿಲು ದಾಟುವಾಗ, ಗಾಳಿ ತಿರುಗಿದೆ ಅಂತ ನೀನು ಯಾರ ಬಾಯಿ ಮುಚ್ಚಿಸಿದೆ?"



ಇಲ್ಲಿಗೆ ಕಥೆ ನಿಲ್ಲಿಸಿ ಟೀಚರ್ ಹಾಜರಿ ಕರೆದರು. ಮನಸ್ಸು ಅಲುಗದವರು ಯಾರಾದರೂ ಸಿಕ್ಕರೆ, ನೀವೂ ಇದನ್ನು ಅವರಿಗೆ ಹೇಳಿ.