ಬೆಟ್ಟ ಗೆದ್ದ ಕಹಳೆ

ಒಂಟಿ ಬೇಟೆಗಾರನೊಬ್ಬ ಸಾರಂಗವನ್ನು ಹುಡುಕುತ್ತ ಎತ್ತರದ ಬೆಟ್ಟ ಹತ್ತಿದ್ದ. ಬುತ್ತಿ ಮುಗಿದಿತ್ತು. ಆ ಸಂಜೆ ಬೇಟೆ ಸಿಗದಿದ್ದರೆ ಉಪವಾಸವೇ ಗತಿ. ಅವನ ಹೆಗಲಲ್ಲಿ ಬಿಲ್ಲು, ಸೊಂಟದಲ್ಲಿ ಸಾರಂಗದಂತೆ ಕೂಗುವ ಕಹಳೆಯೊಂದಿತ್ತು.

“ಮೆಲ್ಲಗೆ ಕೂಗು ಕಹಳೆಯಕ್ಕ, ಜೊತೆ ಹುಡುಕುವ ಹೆಣ್ಣು ಸಾರಂಗದ ಹಾಗೆ. ಗಂಡು ಸಾರಂಗ ಹತ್ತಿರ ಬಂದರಷ್ಟೇ ನನ್ನ ಬಾಣ ಮುಟ್ಟೀತು,” ಎಂದಿತು ಬಿಲ್ಲು.

“ಇಂಥ ಕಂಠ ಇಟ್ಟುಕೊಂಡು ನಾನು ಪಿಸುಗುಟ್ಟಲೇ?” ಎಂದ ಕಹಳೆ, ಮದವೇರಿದ ಗಂಡು ಸಾರಂಗದಂತೆ ಬೆಟ್ಟ ನಡುಗುವ ಹಾಗೆ ಕೂಗಿತು.

ಎದುರು ದಿಣ್ಣೆಯಲ್ಲಿದ್ದ ಸಾರಂಗ ಕಿವಿ ನಿಮಿರಿಸಿತು. “ನನಗಿಂತ ಬಲಶಾಲಿ ಬಂದಿದ್ದಾನೆ, ನಡೆಯಿರಿ,” ಎಂದು ತನ್ನ ಹಿಂಡನ್ನು ಕರೆದುಕೊಂಡು ಕಣಿವೆ ದಾಟಿ ಹೋಯಿತು.

“ಈಗೇನಕ್ಕ?” ಎಂದಿತು ಬಿಲ್ಲು.

“ಈಗ ಈ ಬೆಟ್ಟಕ್ಕೆಲ್ಲ ನಾನೇ ಯಜಮಾನಿ,” ಎಂದಿತು ಕಹಳೆ. “ನಮ್ಮ ಧಣಿಗೆ ಬಡಿಸಲು ಹುಲ್ಲು ಬೇಕಾದಷ್ಟಿದೆ.”