ಹೊಂಡದ ಓಣಿಯ ಸಾದಾ ಭೇದಿ

ಏಳನೆಯ ಇಯತ್ತೆಯ ಪರೀಕ್ಷೆಯಿದ್ದ ಸೋಮವಾರ ಮೊದಲ ಸಲ ಊರು ಬಿಟ್ಟು ಓಡಿದ್ದ ಫಕ್ಕೀರೇಶ, ಊರೂರು ಅಲೆದು ಕೊನೆಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳ ವಿವರ ತುಂಬುವ ಕಂಪ್ಯೂಟರ್ ಮುಂದೆ ಕೂತಿದ್ದ. ಹೊಂಡದ ಓಣಿಯಿಂದ ವಾಂತಿಭೇದಿಯವರು ಸಾಲುಗಟ್ಟಿ ಬಂದರು. ಅದೇ ಓಣಿಯಲ್ಲಿ ಅವನಿಗೆ ರೊಟ್ಟಿ ಬಡಿದು ಹಾಕುತ್ತಿದ್ದ ಶಾಂತವ್ವನ ಕೂಸು ತೀರಿಕೊಂಡಿತು.

ದೊಡ್ಡ ಡಾಕ್ಟರು ಬಂದು ನಿಂತರು. "ಕಾಲರಾ ಅಂತ ಬರದ್ರ ಮ್ಯಾಲಿನವ್ರು ನನ್ನ ಮ್ಯಾಲೆ ಬರ್ತಾರ. ಎಲ್ಲಾ ಸಾದಾ ಭೇದಿ ಅಂತ ಬರಿ."

"ಎಲ್ಲಾರ್ದೂ ಏನ್ರಿ ಸಾಹೇಬ್ರ?"

"ಎಲ್ಲಾರ್ದೂ."

ಫಕ್ಕೀರೇಶ ಒಬ್ಬರನ್ನೂ ಬಿಡದೆ, ಓಣಿಯ ಹೆಸರು ಸಮೇತ, ಹಾಗೇ ತುಂಬಿದ. ಒಂದೇ ಓಣಿಯಿಂದ ಅಷ್ಟು ಭೇದಿ ಬಂದರೆ, ಸಾದಾ ಆದರೂ ಸರಿ, ಜಿಲ್ಲಾ ಕಚೇರಿಯ ಕಂಪ್ಯೂಟರಿನಲ್ಲಿ ತಾನಾಗಿ ಕೆಂಪು ಗುರುತು ಬೀಳುವುದು ಅವನಿಗೆ ಗೊತ್ತಿತ್ತು. ಮರುದಿನವೇ ಜಿಲ್ಲೆಯಿಂದ ಜೀಪು ಬಂತು. ಗಟಾರದ ನೀರು ಸೇರಿದ್ದ ನಳ ಬಂದ್ ಮಾಡಿದರು.

"ಏನು ಬರದ್ಯೋ ಅದರಾಗ?" ಡಾಕ್ಟರ ಮುಖ ಸುಣ್ಣವಾಗಿತ್ತು.

"ನೀವು ಹೇಳಿದ್ದನ್ನ ಬರದೀನ್ರಿ."

ಅವರು, ನಾಳೆಯಿಂದ ಬರಬೇಡ ಎಂದರು.

ಸಂಜೆ ಶಾಂತವ್ವ ಕೇಳಿದಳು, "ತಮ್ಮಾ, ನನ್ನ ಕೂಸಿಂದು ಏನಂತ ಬರದಿ?"

"ಸಾದಾ ಭೇದಿ, ಯಕ್ಕಾ."

"ಸಾದಾದಕ್ಕ ಸಾಯ್ತಾವೇನು ಕೂಸು?"

ಫಕ್ಕೀರೇಶ ಎದ್ದ. ಹಗ್ಗದ ಮೇಲಿನ ಅಂಗಿ ತೆಗೆದು ಚೀಲಕ್ಕೆ ತುರುಕತೊಡಗಿದ.