ನೀಲಿ ಕಾಳು ದಾರ ಬಿಟ್ಟಿತು

ಬನ್ನಿ ಮಕ್ಕಳೇ, ಕಿವಿ ಇತ್ತ ಕೊಡಿ.

ವಾರಿಜಕ್ಕ ಅಂತ ಒಬ್ಬಳಿದ್ದಳು. ಹರಳು ಬೆಳೆಸೋದೇ ಅವಳ ಕೆಲಸ. ಸಣ್ಣ ಒಲೆ. ಒಲೆ ಮೇಲೆ ಗಾಜಿನ ಜಾಡಿ. ಜಾಡಿಯಲ್ಲಿ ಮೈಲುತುತ್ತ ಕರಗಿಸಿದ ನೀಲಿ ಬಿಸಿನೀರು. ಕುಡಿಯೋ ನೀರಲ್ಲ, ಮುಟ್ಟೀರಿ ಜೋಕೆ! ನೀರಲ್ಲಿ ದಾರ. ದಾರದ ತುದಿಗೆ ಎಳ್ಳಿನಷ್ಟು ನೀಲಿ ಕಾಳು.

ಬಿಸಿನೀರು ಮೆಲ್ಲಗೆ ಆರುತ್ತಾ ಹೋದರೆ ಕಾಳು ಬೆಳೆಯುತ್ತೆ. ಬೆಳೆದು ಒಂದೇ ಒಂದು ದೊಡ್ಡ ಹರಳಾಗಬೇಕು. ಆ ಹರಳನ್ನು ಅಯಸ್ಕಾಂತದ ಮುಂದೆ ತೂಗುಹಾಕಬೇಕು. ಹತ್ತಿರ ಬರುತ್ತೋ, ದೂರ ಓಡುತ್ತೋ ನೋಡಬೇಕು. ಅದೇ ಅಕ್ಕನ ಆಸೆ.

ಒಂದು ದಿನ ನೋಡಿದರೆ, ಅಯ್ಯೋ! ಕಾಳು ಜಾಡಿಯ ತಳಕ್ಕೆ ಬಿದ್ದಿದೆ. ಅಕ್ಕನಿಗೆ ಅಳುವೇ ಬಂತು.

"ದಾರವೇ ದಾರವೇ, ಕಾಳು ಹಿಡ್ಕೋ."

"ನಾ ಹಿಡಿಯಲ್ಲ. ನೀರು ಕುಣಿಯುತ್ತೆ. ನೀರನ್ನ ಕೇಳು."

"ನೀರೇ ನೀರೇ, ಸುಮ್ಮನಿರು. ನೀನು ಸುಮ್ಮನಿರದೆ ದಾರ ಹಿಡಿಯದು. ದಾರ ಹಿಡಿಯದೆ ಕಾಳು ಬೆಳೆಯದು."

"ನಾ ಸುಮ್ಮನಿರಲ್ಲ. ಒಲೆ ತಟ್ಟನೆ ಆರುತ್ತೆ. ಒಲೇನ ಕೇಳು."

"ಒಲೆಯೇ ಒಲೆಯೇ, ಮೆಲ್ಲಗೆ ಆರು. ನೀನು ಮೆಲ್ಲಗೆ ಆರದೆ ನೀರು ಸುಮ್ಮನಿರದು. ನೀರು ಸುಮ್ಮನಿರದೆ ದಾರ ಹಿಡಿಯದು. ದಾರ ಹಿಡಿಯದೆ ಕಾಳು ಬೆಳೆಯದು."

"ನಾ ಮೆಲ್ಲಗೆ ಆರಲ್ಲ. ಕಿಟಕಿ ಗಾಳಿ ಬಿಡುತ್ತೆ. ಕಿಟಕೀನ ಕೇಳು."

"ಕಿಟಕಿಯೇ ಕಿಟಕಿಯೇ, ಮುಚ್ಕೋ. ನೀನು ಮುಚ್ಚದೆ ಒಲೆ ಮೆಲ್ಲಗೆ ಆರದು. ಒಲೆ ಮೆಲ್ಲಗೆ ಆರದೆ ನೀರು ಸುಮ್ಮನಿರದು. ನೀರು ಸುಮ್ಮನಿರದೆ ದಾರ ಹಿಡಿಯದು. ದಾರ ಹಿಡಿಯದೆ ಕಾಳು ಬೆಳೆಯದು."

"ನಾ ಹೇಗೆ ಮುಚ್ಕೊಳ್ಳಲಿ? ನಾಗವ್ವ ತೆಗೀತಾಳೆ. ನಾಗವ್ವನ್ನ ಕೇಳು."

ನಾಗವ್ವ ಅಲ್ಲೇ ಕಸ ಗುಡಿಸುತ್ತಿದ್ದಳು.

"ನಾಗವ್ವಾ ನಾಗವ್ವಾ, ಕಿಟಕಿ ತೆಗೀಬೇಡವ್ವ. ನೀನು ಬಿಡದೆ ಕಿಟಕಿ ಮುಚ್ಚದು. ಕಿಟಕಿ ಮುಚ್ಚದೆ ಒಲೆ ಮೆಲ್ಲಗೆ ಆರದು. ಒಲೆ ಮೆಲ್ಲಗೆ ಆರದೆ ನೀರು ಸುಮ್ಮನಿರದು. ನೀರು ಸುಮ್ಮನಿರದೆ ದಾರ ಹಿಡಿಯದು. ದಾರ ಹಿಡಿಯದೆ ಕಾಳು ಬೆಳೆಯದು."

ನಾಗವ್ವ ಪೊರಕೆ ಕೆಳಗಿಟ್ಟಳು. ಸೊಂಟದ ಮೇಲೆ ಕೈಯಿಟ್ಟಳು.

"ಚೆನ್ನಾಗೈತೆ! 'ಕಿಟಕಿ ತೆಗಿ, ಬೆಳಕು ಬರ್ಲಿ, ಕಾಳು ನೋಡ್ಬೇಕು' ಅಂತ ಗಳಿಗೆಗೊಂದ್ಸಲ ಕೂಗೋರು ಯಾರು? ಬೇಯೋ ಗಂಟ ಕಾದೋರ್ಗೆ ಆರೋ ಗಂಟ ಕಾಯಕ್ಕಾಗಲ್ವಾ, ತಾಯಿ?"

ಅಕ್ಕನ ಮುಖ ಸಣ್ಣಗಾಯಿತು. "ನಾನೇ ಕಣವ್ವ" ಅಂದಳು.

ಕಾಳನ್ನು ಮತ್ತೆ ದಾರಕ್ಕೆ ಕಟ್ಟಿದಳು. ಕೈಕಟ್ಟಿ ಕೂತಳು. ಒಂದು ದಿನ ಇಣುಕಲಿಲ್ಲ. ಎರಡು ದಿನ ಇಣುಕಲಿಲ್ಲ. ಹತ್ತು ದಿನ ಇಣುಕಲೇ ಇಲ್ಲ!

ಅಕ್ಕ ಕೂಗಲಿಲ್ಲ, ನಾಗವ್ವ ತೆಗೆಯಲಿಲ್ಲ. ನಾಗವ್ವ ತೆಗೆಯಲಿಲ್ಲ, ಕಿಟಕಿ ಮುಚ್ಚಿತು. ಕಿಟಕಿ ಮುಚ್ಚಿತು, ಒಲೆ ಮೆಲ್ಲಗೆ ಆರಿತು. ಒಲೆ ಮೆಲ್ಲಗೆ ಆರಿತು, ನೀರು ಸುಮ್ಮನಾಯಿತು. ನೀರು ಸುಮ್ಮನಾಯಿತು, ದಾರ ಹಿಡಿಯಿತು. ದಾರ ಹಿಡಿಯಿತು, ಕಾಳು ಬೆಳೆಯಿತು. ಎಳ್ಳಿನಷ್ಟಿದ್ದದ್ದು ಕಡಲೆಯಷ್ಟಾಯಿತು. ಕಡಲೆಯಷ್ಟಿದ್ದದ್ದು ಹುಣಸೆಬೀಜದಷ್ಟಾಯಿತು!

ಅಯಸ್ಕಾಂತದ ಮುಂದೆ ತೂಗುಹಾಕಿದರು. ಹರಳು ಅಲ್ಲಾಡಲಿಲ್ಲ. ಅಕ್ಕನಿಗೆ ತಡೆಯದು.

"ತಾಳು ತಾಯಿ" ಅಂದಳು ನಾಗವ್ವ.

ತಾಳಿದರು. ಹರಳು ಇಷ್ಟೇ ಇಷ್ಟು ಅಯಸ್ಕಾಂತದ ಕಡೆ ವಾಲಿತು.

"ಬಂತವ್ವಾ, ಹತ್ತಿರ ಬಂತು!"

"ಈಗ ಕಿಟಕಿ ತೆಗೀಲಾ?"

"ತೆಗಿಯವ್ವಾ, ತೆಗಿ!"

ನಾಗವ್ವ ಕಿಟಕಿ ತೆಗೆದಳು. ಬಿಸಿಲು ಹರಳನ್ನು ಹಾದು ಬಂತು. ಇಬ್ಬರ ಕೆನ್ನೆಯೂ ನೀಲಿ ನೀಲಿ.